ಎಡಕ್ಕೆ ಸುತ್ತಿದ ಬಟ್ಟಲು

“ಮೂಲ ತಿಳಿದಿಲ್ಲ ಅಂದ್ರೆ ಏನ್ರೀ ಅರ್ಥ?”

ಭಾನುವಾರದ ಪ್ರಾರ್ಥನೆ ಮುಗಿಸಿ ಬಂದ ಬೊಹುಸ್ಲಾವ್ ಕ್ವಾಪಿಲ್, ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ನಿಂತು ಕೇಳಿದ. ಅಲ್ಲಿದ್ದ ಪಾರಿವಾಳಗಳು ಹಾರಿಹೋದವು.

ಬೊಹೀಮಿಯದ ಆ ಗಾಜಿನ ಊರಿನಲ್ಲಿ ಕುಲುಮೆಯವರು ಊಟದ ಬಿಡುವಿನಲ್ಲಿ, ಮಿಕ್ಕ ಗಾಜಿನಲ್ಲಿ, ತಮಗೆಂದು ಮಾಡಿಕೊಂಡ ಸಾಮಾನುಗಳ ಪ್ರದರ್ಶನ ಅಂದು ಸಂಜೆ ನಾಲ್ಕಕ್ಕೆ. ಮೇಸ್ತ್ರಿಯ ಕಣ್ಣು ತಪ್ಪಿಸಿ ಮಾಡಿದ್ದರಿಂದ ಯಾವುದಕ್ಕೂ ಕಾರ್ಖಾನೆಯ ಮುದ್ರೆಯಿಲ್ಲ. ಆದರೂ ಎಲ್ಲರ ಮನೆಯದಕ್ಕೂ ಮಾಡಿದವರ ಹೆಸರಿನ ಚೀಟಿ. ಕ್ವಾಪಿಲ್‌ನ ಹಸಿರು ಬಟ್ಟಲಿಗೆ ಮಾತ್ರ ‘ಮೂಲ ತಿಳಿದಿಲ್ಲ’. ಸಂತೆಯಲ್ಲಿ ಬಿಟ್ಟುಹೋದ ಕೂಸಿಗೆ ಬರೆದ ಹಾಗೆ!

“ನಿಮ್ಮ ತಂದೆ ಯಾರೊಮೀರ ಪ್ಯಾಕಿಂಗಿನವರಲ್ವಾ? ಹುಲ್ಲು ಸುತ್ತೋರು ಗಾಜು ಊದಿದ್ದು ಹೇಗೆ?” ಎಂದಿದ್ದಳು ಮ್ಯೂಸಿಯಮ್ಮಿನ ದ್ರಾಹೊಮೀರಾ.

“ಊದಿದ್ರಮ್ಮಾ! ಇದನ್ನ ಕೊಟ್ಟೇ ನಮ್ಮಮ್ಮನ್ನ ಒಪ್ಪಿಸಿದ್ದು. ಸಾಯೋವರೆಗೂ ಹೇಳ್ತಿದ್ರು.”

“ಹಾಗಾದ್ರೆ ಬಲ್ಲವರೊಬ್ಬರನ್ನ ಕರ್ಕೊಂಡು ಬನ್ನಿ. ಚೀಟಿ ಬದಲಾಯಿಸ್ತೀನಿ.”

ಸತ್ತ ಅಪ್ಪನಿಗೆ ಸಾಕ್ಷಿ ಬೇಕಂತೆ! ಕ್ವಾಪಿಲ್ ಮೈಯೆಲ್ಲ ಉರಿದು, ಬಟ್ಟಲನ್ನು ವಾಪಸ್ ಪಡೆದು ಮಫ್ಲರಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟ.

ಬೀದಿ ತಿರುವಿನಲ್ಲೇ ಪಕ್ಕದ ಮನೆಯ ಹೆಡ್ವಿಕಾ ಎದುರಾಗಿ, ಮಫ್ಲರ್ ಸರಿಸಿ ನೋಡಿದಳು. “ಇದು ವೆನಿಸ್‌ದು ಕಣೋ. ನಾನು ಬಸ್ಸಲ್ಲಿ ಹೋಗಿ ನೋಡಿ ಬಂದಿಲ್ವಾ?”

“ಬಸ್ಸಿಂದ ಇಳಿದಿದ್ಯಾ?”

“ಇಳಿದೆ. ಮಳೆ ಬಂತು, ಮತ್ತೆ ಹತ್ತಿದೆ,” ಎನ್ನುತ್ತ ಅವಳೂ ಬೆನ್ನಿಗೆ ಬಿದ್ದಳು.

ಬಿಯರ್ ಅಂಗಡಿಯಲ್ಲಿ ನಿವೃತ್ತ ಗಾಜಿನವರು ಕೂತಿದ್ದರು. ಒಬ್ಬ ಬಟ್ಟಲನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟ. “ಪೋಲೆಂಡಿನದು. ಮೂಗಲ್ಲಿ ಮಾತಾಡ್ತಿದೆ ಕೇಳು.”

“ಹಾಗೆಲ್ಲ ತಿಳಿಯಲ್ಲ ಬಿಡಯ್ಯ,” ಎಂದ ಇನ್ನೊಬ್ಬ. ಕ್ವಾಪಿಲ್ ಬಾಯಿ ತೆರೆಯುವಷ್ಟರಲ್ಲಿ ಬಟ್ಟಲಿಗೆ ಬಿಯರ್ ಸುರಿದು ಬೆಳಕಿಗೆ ಹಿಡಿದ, ತಲೆಯಾಡಿಸಿದ, ಗಟಗಟ ಕುಡಿದ. “ಗುಡ್ಡದಾಚೆಯವರದು.”

“ಅದು ನಮ್ಮಪ್ಪನ ನೆನಪು ಕಣ್ರೀ! ಕುಡಿಯೋ ಲೋಟ ಅಲ್ಲ!” ಕ್ವಾಪಿಲ್ ಕೂಗಿದ ಕೂಗಿಗೆ ಮೂಲೆಯಲ್ಲಿದ್ದ ನಾಯಿ ಎದ್ದು ಹೊರಗೆ ಹೋಯಿತು.

ಅವರ ನಡುವೆ ಕೂತಿದ್ದ, ಹಿಂದೆ ಗಾಜಿಗೆ ಕೆತ್ತನೆ ಮಾಡುತ್ತಿದ್ದ ಮುದುಕಿ ಜ್ದಿಸ್ಲಾವಾ ಬಟ್ಟಲನ್ನು ಕರವಸ್ತ್ರದಿಂದ ಒರೆಸಿ ಮೆಲ್ಲಗೆ ತಿರುಗಿಸಿದಳು. “ಗೆರೆಗಳು ಎಡಕ್ಕೆ ಸುತ್ತಿವೆ. ನಮ್ಮೂರೋರದೇ, ಆದ್ರೆ ಎಡಗೈಯವನ ಕೆಲಸ. ನಿಮ್ಮಪ್ಪ ಎಡಚನಾ?”

“ಹೌದು!” ಎಂದುಬಿಟ್ಟ ಕ್ವಾಪಿಲ್.

“ಚರ್ಚಿಂದ ಈಗ ತಾನೇ ಬಂದು ಸುಳ್ಳು ಹೇಳ್ತೀಯಲ್ಲೋ!” ಎಂದಳು ಹೆಡ್ವಿಕಾ. “ನಾನು ಸೇಬು ಕದ್ದಾಗ ನಿಮ್ಮಪ್ಪ ಎದುರಿಗೆ ನಿಂತು ನನ್ನ ಎಡಗೆನ್ನೆಗೆ ಬಾರಿಸಿದ್ನಲ್ಲ, ಯಾವ ಕೈಯಲ್ಲಿ ಮತ್ತೆ?”

ಅಂಗಡಿಯೇ ನಕ್ಕಿತು.

“ಎಡಚ ಅಂದ್ರೆ ಊರಿಗೆಲ್ಲ ಅಲ್ಫೋನ್ಸ್ ತೊಮೆಶ್ ಒಬ್ನೇ,” ಎಂದಳು ಜ್ದಿಸ್ಲಾವಾ.

ಕ್ವಾಪಿಲ್‌ಗೆ ಜೀವ ಬಂತು. ಹಾಗಾದರೆ ಅಪ್ಪನಿಗೆ ಊದಲು ಕಲಿಸಿದವನು ಇವನೇ! ಅದಕ್ಕೇ ಗೆರೆ ಎಡಕ್ಕೆ!

ತೊಂಬತ್ತು ದಾಟಿದ, ಮದುವೆಯೇ ಆಗದ ತೊಮೆಶ್ ಚರ್ಚಿನ ಹೊರಗಿನ ಬೆಂಚಿನ ಮೇಲೆ ಜಪಮಾಲೆ ಹಿಡಿದು ಬಿಸಿಲು ಕಾಯುತ್ತಿದ್ದ. ಕಣ್ಣು ಮಂಜು. ಬಟ್ಟಲು ತೊಡೆಯ ಮೇಲೆ ಬಂದೊಡನೆ ಬೆರಳುಗಳು ಗೆರೆಗಳ ಮೇಲೆ ಹರಿದು, ಥಟ್ಟನೆ ನಿಂತವು.

“ತಳದಲ್ಲಿ ಬೇಳೆಯಷ್ಟು ಗುಳ್ಳೆ ಇದೆಯಾ?”

ಇತ್ತು.

“ಗಂಟೆ ಹೊಡೆದುಬಿಟ್ಟಿತ್ತು, ಅವಸರದಲ್ಲಿ ಉಳೀತು. ಇದು ಒಡೀಲಿಲ್ವಾ?”

“ಯಾಕೆ ಒಡೀಬೇಕು ತಾತ?”

“ಲುಡ್ಮಿಲಾಗೆ ಅಂತ ಊದಿದ್ದು. ನನಗೆ ನಾಚಿಕೆ. ಪ್ಯಾಕಿಂಗಿನ ಯಾರೊಮೀರನ ಕೈಲಿ ಹುಲ್ಲು ಸುತ್ತಿಸಿ ಕಳಿಸ್ದೆ, ನನ್ನ ಮದುವೆ ಆಗ್ತಾಳಾ ಕೇಳ್ಕೊಂಡು ಬಾ ಅಂತ. ಬಂದವನು ಹೇಳ್ದ, ಒಲ್ಲೆ ಅಂದ್ಲು, ಬಟ್ಟಲನ್ನ ಗೋಡೆಗೆ ಎಸೆದ್ಲು ಅಂತ. ಚಳಿಗಾಲದಲ್ಲಿ ಅವನೇ ಅವಳನ್ನ ಕಟ್ಕೊಂಡ.” ಮುದುಕ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ. “ಅರವತ್ತು ವರ್ಷ ಅವಳ ಮೇಲೆ ಸಿಟ್ಟು ಇಟ್ಕೊಂಡಿದ್ನಲ್ಲಪ್ಪಾ! ನೀನು ಯಾರ ಮಗ?”

ಹಿಂದೆಯೇ ಬಂದಿದ್ದ ಹೆಡ್ವಿಕಾ ಮೆಲ್ಲಗೆ ಬೆಂಚಿನ ತುದಿಗೆ ಕೂತಳು.

ಕ್ವಾಪಿಲ್ ಖಾಲಿ ಮಫ್ಲರನ್ನು ಕೊರಳಿಗೆ ಸುತ್ತಿಕೊಂಡ. ಬೆಳಗಿನಿಂದ ಉರಿದ ಸಿಟ್ಟನ್ನು ಈಗ ಯಾರ ಮೇಲೆ ಇಳಿಸುವುದೆಂದು ತಿಳಿಯಲಿಲ್ಲ.

“ಯಾರ ಮಗನಾದ್ರೇನು ತಾತ. ಬಟ್ಟಲು ಕೊಡಿ, ಮನೆಗೆ ಹೋಗ್ತೀನಿ.”

ತೊಮೆಶ್ ಬಟ್ಟಲನ್ನು ಕೋಟಿನೊಳಗೆ ಇಳಿಸಿ, ಗುಂಡಿ ಹಾಕಿದ.

“ಕೊಡಲ್ಲ.”