ಬಾರದ ಅತಿಥಿಯ ತಟ್ಟೆಯನ್ನು ಕುರಿತು ಅರಿಕೆ

ಓಲ್ಶಾಂಕಾ, ಪೋಲೆಂಡ್
(ಪೂರ್ವದ ಗಡಿಯಿಂದ ಹನ್ನೆರಡೇ ಕಿಲೋಮೀಟರು)

ಮಾನ್ಯ ಅಮೆರಿಕದ ವಿದೇಶಾಂಗ ನೀತಿಯವರೇ,

ಸಾಗರದಾಚೆ ಸುಖವಾಗಿದ್ದು, ದಿನಕ್ಕೊಂದು ದಿಕ್ಕಿಗೆ ತಿರುಗುತ್ತಿರುವ ತಮಗೆ, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದು ನಿವೃತ್ತಳಾದ ಗೆನೊವೆಫಾ ರುಜಿಕ್ ಮಾಡುವ ಸವಿನಯ ವಂದನೆಗಳು. ನಾವೂ ಇಲ್ಲಿ ಕ್ಷೇಮ; ಎಷ್ಟು ದಿನ ಎಂದು ಕೇಳುವುದಕ್ಕೇ ಈ ಪತ್ರ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಮೊದಲ ಚುಕ್ಕೆ ಕಂಡು ಊಟಕ್ಕೆ ಕೂರುವಾಗ, ಕರೆಯದೆ ಬಂದವರಿಗೆಂದು ನಾವು ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ. ಮೂರು ವರ್ಷದ ಹಿಂದೆ ತಮ್ಮ ಸೈನಿಕರು ಕಾಡಂಚಿನಲ್ಲಿ ಡೇರೆ ಹಾಕಿದ್ದಾಗ, ಒಬ್ಬ ಸಾರ್ಜೆಂಟ್ ದಾರಿ ತಪ್ಪಿ ಬಂದು ಆ ತಟ್ಟೆಯ ಮುಂದೆ ಕೂತ, ಬೀಟ್‌ರೂಟ್ ಸಾರನ್ನು ಎರಡು ಸಲ ಹಾಕಿಸಿಕೊಂಡ, "ಹೆದರ್ಬೇಡಿ ಅಜ್ಜಿ, ನಾವಿದ್ದೀವಲ್ಲ" ಎಂದ. ನಾನು ಕರಗಿಹೋಗಿ ಗಂಡನ ತಟ್ಟೆಯಿಂದ ಮೀನಿನ ನಡುತುಂಡನ್ನೆತ್ತಿ ಅವನಿಗೆ ಬಡಿಸಿದೆ. ಮರುವರ್ಷದಿಂದ ಆ ತಟ್ಟೆಯ ಮೇಲೆ "ಅಮೆರಿಕ" ಎಂದು ಬರೆದ ಚೀಟಿಯನ್ನೇ ಇಟ್ಟೆ.

"ಹೆಸರು ಬರೆದ್ಮೇಲೆ ಅದು ಕರೆಯದೆ ಬರೋರ ತಟ್ಟೆ ಹೆಂಗಾಗುತ್ತೆ ಅತ್ತಿಗೆ? ಬೇರೆಯೋರು ಬಂದ್ರೆ ನಿಂತ್ಕೊಂಡು ಉಣ್ಬೇಕಾ?" ಎಂದು ನಾದಿನಿ ಲುತ್ಸಿನಾ ಹಂಗಿಸಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದ ವರ್ಷ, ಹೆಂಡತಿ ತೀರಿಕೊಂಡ ಮೇಲಿನ ಮೊದಲ ಹಬ್ಬದ ಸಂಜೆ ಪಕ್ಕದ ಮನೆಯ ಝೆನೊನ್ ಬಾಗಿಲಿಗೆ ಬಂದಾಗ, "ಆ ಜಾಗಕ್ಕೆ ಜನ ಇದ್ದಾರೆ" ಎಂದು ಕಳಿಸಿಬಿಟ್ಟೆ. ತಾವು ಬರಲಿಲ್ಲ, ಸಾರು ತಣ್ಣಗಾಯಿತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಮ್ಮದೇನೂ ತಪ್ಪಿಲ್ಲ ಬಿಡಿ. ಈ ಶರತ್ಕಾಲದಲ್ಲಿ ಹುಲ್ಲಿನ ಮೇಲೆ ಒಂದು ಗೂಟವನ್ನೂ ಉಳಿಸದೆ ಡೇರೆ ಕಿತ್ತುಕೊಂಡು ಹೋದಿರಿ. ಇಷ್ಟು ಅಚ್ಚುಕಟ್ಟಾಗಿ ಹೊರಟ ನೆಂಟರನ್ನು ನಾನು ಕಂಡಿಲ್ಲ. ತಮ್ಮ ಗಮನ ಈಗ ಬೇರೊಂದು ಸಾಗರದ ಮೇಲಿದೆಯಂತೆ, ರೇಡಿಯೋದಲ್ಲಿ ಹೇಳಿದರು. ಹಾಗಿದ್ದರೆ ನಮ್ಮ ಊರನ್ನು ಇಗರ್ಜಿ, ಬಾವಿ, ಕೋಳಿಗೂಡು ಸಮೇತ ಎತ್ತಿ ಆ ಸಾಗರದ ದಂಡೆಗೆ ಇಟ್ಟುಕೊಳ್ಳಬೇಕಾಗಿ ಕೋರಿಕೆ. ಅದು ತೊಂದರೆಯೆನಿಸಿದರೆ ಗಡಿಯಾಚೆಯ ಸೈನ್ಯವನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಫಿರಂಗಿ ಅಭ್ಯಾಸಕ್ಕೆ ನಮ್ಮ ಕಿಟಕಿಯ ಗಾಜು ಅದುರುತ್ತದೆ. ನನಗೆ ಹೆದರಿಕೆಯಾಗುತ್ತದೆ, ಮುಚ್ಚಿಡುವುದೇಕೆ?

ಈ ಹಬ್ಬಕ್ಕೆ ಚೀಟಿ ಹರಿದುಹಾಕಿ, ನಾನೇ ಹೋಗಿ ಝೆನೊನನನ್ನು ಕರೆದೆ. ಹೆಗಲ ಮೇಲೆ ಸಲಿಕೆ ಹೊತ್ತುಕೊಂಡೇ ಬಂದ. "ಉಂಡಾದ್ಮೇಲೆ ನಿಮ್ಮ ನೆಲಮಾಳಿಗೆ ತೋರ್ಸು ಗೆನಾ. ಗುಂಡು ಬಿದ್ರೆ ಎರಡು ಮನೆಯೋರೂ ಅಡಗಿ ಕೂರೋ ಹಂಗೆ ಅಗಲ ಮಾಡ್ಬೇಕು" ಎಂದ.

ಕಾಯುವ ಅಭ್ಯಾಸ ಇನ್ನೂ ಪೂರ್ತಿ ಬಿಡದ,
ತಮ್ಮ ವಿಶ್ವಾಸಿ,
ಗೆನೊವೆಫಾ ರುಜಿಕ್

ವಿ.ಸೂ.: ತಾವು ಮತ್ತೆ ಎಂದಾದರೂ ಈ ಕಡೆ ತಿರುಗಿದರೆ ಧಾರಾಳವಾಗಿ ಬನ್ನಿ, ಸಾರು ಇರುತ್ತದೆ. ತಟ್ಟೆ ಮಾತ್ರ ತಾವೇ ತಂದುಕೊಳ್ಳಿ.