ಹನಿಯಪ್ಪನ ಹೊಸ ಶೂ

ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನಿಗೆ ಎಲ್ಲರೂ ಇಟ್ಟ ಹೆಸರು ಹನಿಯಪ್ಪ. ಬೆರೆಸಿದ ಬಣ್ಣದ ಒಂದು ಹನಿಯನ್ನು ತನ್ನ ಬಿಳಿ ಕ್ಯಾನ್ವಾಸ್ ಶೂ ಮೇಲೆ ಬಿಟ್ಟು, ಒಣಗಿದ ಮೇಲೆ ಹೇಗೆ ಕಾಣುತ್ತದೆಂದು ನೋಡದೆ ಆತ ಡಬ್ಬಿ ಮುಚ್ಚಿದವನಲ್ಲ.

ಅಂಥವನ ತಲೆ ಕೆಡಿಸಿದ್ದು ಒಂದು ಜಾಹೀರಾತು. ದೊಡ್ಡ ಶೂ ಕಂಪನಿಯೂ ದೊಡ್ಡ ಪೇಂಟ್ ಕಂಪನಿಯೂ ಕೈಜೋಡಿಸಿ, ಮೈತುಂಬ ಬಣ್ಣದ ಹನಿಗಳಿರುವ ಶೂ ತಂದಿದ್ದವು. ಊರಿಗೆಲ್ಲ ಮೂವತ್ತೇ ಜೊತೆ, ಮಾರಾಟ ಇವತ್ತೊಂದೇ ದಿನ. ಬೆಲೆ ಕೇಳಿದರೆ ಶೂ ಜೊತೆಗೆ ಅಂಗಡಿಯನ್ನೂ ಕೊಡುತ್ತಾರೇನೋ ಅನ್ನಿಸಬೇಕು.

"ಅದು ವಾಷಿಂಗ್ ಮಷೀನಿಗೆ ಕೂಡಿಟ್ಟ ದುಡ್ಡು," ಎಂದಳು ಹೆಂಡತಿ. "ನಿಮ್ಮ ಬಟ್ಟೆ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಗಿದೆ. ನಿನ್ನೆ ನಿಮ್ಮ ಈ ಹಳೇ ಶೂನೂ ತಿಕ್ಕಿದೆ. ಹಿಮ್ಮಡೀಲಿ ಹಸಿರು ಹೆಬ್ಬೆರಳ ಗುರುತಿತ್ತಲ್ಲ, ಅದೊಂದು ಹೋಯ್ತು ನೋಡಿ."

"ಸುಮ್ನೆ ನೋಡ್ಕೊಂಡ್ ಬರ್ತೀನಿ ಕಣೇ," ಎನ್ನುತ್ತ ಹನಿಯಪ್ಪ ಆ ದುಡ್ಡನ್ನು ಜೇಬಿಗಿಳಿಸಿದ. ಸುಮ್ಮನೆ ನೋಡಲು ಹೋಗುವವರೆಲ್ಲ ಹಾಗೆಯೇ ಹೋಗುವುದು.

ಅಂಗಡಿಯಲ್ಲಿ ಹಳದಿ ಬೆರೆಸುತ್ತಲೇ ಸಲಹೆ ಕೇಳಿದ. ಸಲಹೆಗೆ ಬರವೇ?

"ತಗೋ, ಆದ್ರೆ ಹಾಕ್ಕೋಬೇಡ. ಪೆಟ್ಟಿಗೇಲಿ ಇಟ್ಟಷ್ಟೂ ಬೆಲೆ ಏರುತ್ತೆ," ಎಂದ ಕ್ಯಾಷಿಯರ್.

"ತಗೊಂಡುಬಿಡಪ್ಪ," ಎಂದರು ಮಾಲೀಕರು. "ಹೋದ ವರ್ಷ ಪೇಂಟ್ ಕಂಪನಿಯಿಂದ ತಪಾಸಣೆಗೆ ಬಂದ ಮೇಡಂ ನಿನ್ನ ಶೂ ಫೋಟೋ ಹೊಡ್ಕೊಂಡ್ ಹೋದ್ರು. ಅಷ್ಟು ಗಲೀಜು! ನನ್ನ ಮರ್ಯಾದೆ ಏನಾಗಬೇಕು?"

ಮಧ್ಯಾಹ್ನ ಹನಿಯಪ್ಪ ಶೂ ಅಂಗಡಿಯ ಸಾಲಿನ ಕೊನೆಯಲ್ಲಿದ್ದ. ತಗೊಳ್ಳಲೋ ಬೇಡವೋ ಎಂದು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಅಷ್ಟರಲ್ಲಿ ಮುಂದಿದ್ದ ಜಿಮ್ ಮಾಸ್ತರ ಕಣ್ಣು ಇವನ ಕಾಲಿಗೆ ಬಿತ್ತು.

"ಸಾರ್, ನಿಮಗೆ ಆಗ್ಲೇ ಸಿಕ್ಕಿಬಿಡ್ತಾ?"

ಸಾಲಿಗೆ ಸಾಲೇ ಬಗ್ಗಿ ನೋಡಿತು. ಹನಿಯಪ್ಪನ ಕಾಲಿಗೆ ಇಷ್ಟು ಜನ ಬಗ್ಗಿದ್ದು ಅದೇ ಮೊದಲು, ಆತ ಎದೆ ಸೆಟೆಸಿಕೊಂಡ. ಗದ್ದಲ ಕೇಳಿ ಓಡಿಬಂದ ಮ್ಯಾನೇಜರ್ ಶೂ ಬಿಚ್ಚಿಸಿ ಎಡ ಹಿಮ್ಮಡಿ ತಿರುಗಿಸಿದ.

"ನಕಲಿ! ಅಸಲಿಗೆ ಇಲ್ಲಿ ಹಸಿರು ಹೆಬ್ಬೆರಳ ಗುರುತಿರುತ್ತೆ. ನೋಡ್ರಿ!"

ಪ್ರದರ್ಶನಕ್ಕಿಟ್ಟ ಶೂವಿನಲ್ಲಿ ಗುರುತು ಸೊಗಸಾಗಿ ಮೂಡಿತ್ತು, ನಡುವೆ ಓರೆಯಾಗಿ ಒಂದು ಗೀರು. ಹನಿಯಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ಡಬ್ಬಿಯ ಮುಚ್ಚಳ ಕೊಯ್ದ ಅದೇ ಗೀರು! ಮೇಡಂ ಫೋಟೋ ಹೊಡೆದದ್ದು ಯಾತಕ್ಕೆಂದು ಈಗ ಹೊಳೆಯಿತು.

"ಇದು ನಂದೇ ಬೆರಳು ಸ್ವಾಮಿ!"

"ನಕಲಿ ಹಾಕ್ಕೊಂಡ್ ಬಂದೋರೆಲ್ಲ ಏನಾದ್ರೂ ಒಂದು ಕತೆ ಹೇಳ್ತಾರೆ."

ರೇಗಿಹೋದ ಹನಿಯಪ್ಪ ಗುರುತಿನ ಮೇಲೆ ಹೆಬ್ಬೆರಳನ್ನು ಒತ್ತಿಯೇ ತೋರಿಸಿದ. ಗೆರೆಗೆ ಗೆರೆ ಕೂಡಿತು. ಆದರೆ ಬೆರಳಿನಲ್ಲಿ ಬೆಳಗಿನ ಹಳದಿ ಇನ್ನೂ ಹಸಿಯಾಗಿತ್ತು.

"ಹಾಳು ಮಾಡಿದೋರು ಕೊಳ್ಳಲೇಬೇಕು," ಎಂದು ಮ್ಯಾನೇಜರ್ ಗೋಡೆಯ ಬೋರ್ಡು ತೋರಿಸಿದ. ದುಡ್ಡು ಹೋಯಿತು, ನಕಲಿಯೆನಿಸಿಕೊಂಡ ಹಳೆಯ ಶೂ ಕಸದ ಬುಟ್ಟಿ ಸೇರಿತು. ಬೆಳಿಗ್ಗೆಯಿಂದ ಕಾಡಿದ ಪ್ರಶ್ನೆಯಂತೂ ಇತ್ಯರ್ಥವಾಯಿತು.

ಸಂಜೆ ಹೊಸ ಶೂ ತೊಟ್ಟು ಕಳ್ಳನಂತೆ ಮನೆಯೊಳಗೆ ಕಾಲಿಟ್ಟ. ಬಟ್ಟೆ ಒಗೆಯುತ್ತಿದ್ದ ಹೆಂಡತಿ ಆ ಕಾಲುಗಳನ್ನೇ ನೋಡಿದಳು.

"ಸದ್ಯ, ತಗೊಳ್ಳಲಿಲ್ಲ! ಒಳ್ಳೇ ಕೆಲಸ ಮಾಡಿದ್ರಿ," ಎಂದವಳ ಕಣ್ಣು ಹಿಮ್ಮಡಿಗೆ ಹೋಯಿತು. "ಅಯ್ಯೋ! ನಿನ್ನೆ ಅಷ್ಟು ತಿಕ್ಕಿದ ಜಾಗಕ್ಕೇ ಮತ್ತೆ ಬೆರಳು ಒತ್ಕೊಂಡ್ ಬಂದಿದೀರಲ್ರೀ! ಬಿಚ್ಚಿ ಇಲ್ಲಿ!"

ಅವಳು ಬ್ರಷ್ ಎತ್ತಿಕೊಂಡಳು. ನಿಜ ಹೇಳಿದರೆ ತನ್ನನ್ನೇ ತಿಕ್ಕಿಯಾಳೆಂದು ಹನಿಯಪ್ಪ ತೆಪ್ಪಗೆ ಬಿಚ್ಚಿಕೊಟ್ಟ.