ಟೋಲ್ ನಾಕಾದಲ್ಲಿ ಸತ್ತ ಮಹಾರಾಜ

ಗೊಂದಲಕ್ಕೆ ಬಿದ್ದವರಲ್ಲಿ ಎರಡು ಬಗೆ. ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಒಂದು ಬಗೆ. ಅವರಿಗೆ ಯಾರಾದರೂ ಪುಣ್ಯಾತ್ಮರು ಬಿಡಿಸಿ ಹೇಳುತ್ತಾರೆ, ಅಲ್ಲಿಗೆ ಅವರ ತಾಪತ್ರಯ ಮುಗಿಯಿತು. ಇನ್ನೊಂದು ಬಗೆಯವರು ಎಲ್ಲ ತಿಳಿದವರಂತೆ ತಲೆಯಾಡಿಸುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಹೀಗೆ ತಲೆಯಾಡಿಸುವ ಹುಡುಗರನ್ನು ಎಬ್ಬಿಸಿ ನಿಲ್ಲಿಸಿ ಲೆಕ್ಕ ಕೇಳುವುದೇ ನನ್ನ ಕಸುಬು. ಆದರೆ ನಾನೇ ತಲೆಯಾಡಿಸಿದಾಗ ಎಬ್ಬಿಸಿ ನಿಲ್ಲಿಸುವವರು ಯಾರೂ ಇರಲಿಲ್ಲ. ಹೀಗಾಗಿ ಮಹಾರಾಜನಾಗಿ ಮೆರೆಯಬೇಕಾದವನು ಗಬ್ಬೂರ ಬೈಪಾಸಿನ ಟೋಲ್ ನಾಕಾದ ಮ್ಯಾನೇಜರನಾಗಿ ಸತ್ತುಬಿದ್ದೆ.

ಕಮರಿಪೇಟೆಯಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ಮಂಡಳಿಯಿದೆ. ನಾನು ಬೈರಿದೇವರಕೊಪ್ಪಕ್ಕೆ ಮನೆ ಬದಲಾಯಿಸಿದರೂ ಸಂಜೆಯಾದರೆ ಕಾಲು ತಾನಾಗಿ ಹಳೆಯ ಓಣಿಯ ಕಡೆ ತಿರುಗುತ್ತದೆ. ನಾವು ವರ್ಷವೂ ಆಡುವುದು ಅದೇ ಒಂದು ಸಂಗೀತ ನಾಟಕ. ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟ ಮಹಾರಾಜ ಊರ ಬಾಗಿಲಲ್ಲಿ ಹಾಡುತ್ತ ಸಾಯುತ್ತಾನೆ, ಮಹಾರಾಣಿ ಅವನ ತಲೆದೆಸೆಯಲ್ಲಿ ಕೂತು ಹಾಡುತ್ತಾಳೆ, ಪರದೆ ಬೀಳುತ್ತದೆ. ಇದರಲ್ಲಿ ಮಾತು ಕಡಿಮೆ, ಹಾಡೇ ಎಲ್ಲ. ಹಾಡು ಮನಸ್ಸಿಗೆ ಬಂದರೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಆಗ ನಟ ಯುದ್ಧದಲ್ಲಿರಲಿ, ಹೆಣವಾಗಿ ಬಿದ್ದಿರಲಿ, ಎದ್ದು ಕೈಮುಗಿದು ಹಾಡನ್ನು ಇನ್ನೊಮ್ಮೆ ಹಾಡಬೇಕು, ಆಮೇಲೆ ಇನ್ನೊಮ್ಮೆ ಸಾಯಬೇಕು. ನಾನು ಚಿಕ್ಕವನಿದ್ದಾಗಿನ ಮಹಾರಾಜರು ಒಂದೇ ಸಲ ಸತ್ತ ದಿನ ಊಟ ಮಾಡುತ್ತಿರಲಿಲ್ಲವಂತೆ. ನಾನು ಆ ನಾಟಕದಲ್ಲಿ ಭರ್ಚಿ ಹಿಡಿದು ಕಾವಲುಗಾರನಾಗಿ ನಿಂತೆ, ದೂತನಾದೆ, ಮಂತ್ರಿಯಾಗಿ ಮುಪ್ಪಾದೆ. ಈ ವರ್ಷ ನಮ್ಮ ಮಹಾರಾಜರು ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು, ಹಾಡಿದರೆ ಸೀಟಿ ಹೊಡೆದಂತಾಗಿ, ಸಿಂಹಾಸನ ನನಗೆ ಬಂತು. ಹೆಚ್ಚೇನೂ ಬೇಡ, ಸಾಯುವ ಮೊದಲು, ಅಂದರೆ ಸತ್ತ ಮೇಲೆ, ಒಂದೇ ಒಂದು ಒನ್ಸ್ ಮೋರ್ ಸಿಗಲಿ ಎಂಬುದು ನನ್ನ ಆಸೆ.

ಅಷ್ಟರಲ್ಲಿ ಮಂಡಳಿಯವರು ನಿರ್ದೇಶನವನ್ನು ಓಣಿಯ ಮೇಘಾಳಿಗೆ ಒಪ್ಪಿಸಿದರು. ನಾಟಕದ ಕೋರ್ಸು ಮುಗಿಸಿ ಬಂದ ಹುಡುಗಿ.

"ಹಾಡು ಒಂದಕ್ಷರನೂ ಬದಲಾಗಂಗಿಲ್ರಿ ಕಾಕಾ. ಜಾಗಾ ಅಷ್ಟ ಬದಲಾಗ್ತದ. ಈಗ ಊರ ಬಾಗಿಲಾ ಅಂದ್ರ ಟೋಲ್ ನಾಕಾ ಅಲ್ರೀ? ರಾಜಾ ಅಲ್ಲೇ ಸಾಯ್ತಾನ," ಎಂದಳು.

ನಾನು ತಲೆಯಾಡಿಸಿದೆ. ಕಿರೀಟದ ಬದಲು ಹೊಳೆಯುವ ಹಳದಿ ಜಾಕೀಟು ಬಂತು. 'ಆನೆ ಕುದುರೆಗಳ ತೊರೆದೆನು' ಎಂದು ಹಾಡುತ್ತ ರಟ್ಟಿನ ಲಾರಿಯ ಕಡೆ ಕೈ ತೋರಿಸಬೇಕಾಯಿತು. ನನಗೆ ಒಂದೂ ಕೂಡಲಿಲ್ಲ, ಕಳೆಯಲಿಲ್ಲ.

"ರಾಜ್ಯಾ ಬಿಡೂದು ಅಂದ್ರ ಏನವಾ, ರಾಜೀನಾಮಿ ಕೊಡ್ತೇನೇನು?" ಎಂದು ಕೇಳಿದೆ.

"ಇಲ್ರಿ, ಗೇಟ್ ಎತ್ತಿ ಎಲ್ಲಾ ಗಾಡಿ ಪುಕ್ಕಟ ಬಿಡ್ತೀರಿ."

"ಅಷ್ಟಕ್ಕ ಸಾಯ್ತೇನಾ?"

"ಅದು ರೂಪಕ ರೀ ಕಾಕಾ."

ಮತ್ತೆ ತಲೆಯಾಡಿಸಿದೆ. ಕೊನೆಗೆ ಅವಳು ಹೇಳಿದ ಮಾತಿಗೆ ಮಾತ್ರ ತಲೆ ಆಡಲಿಲ್ಲ. "ಈ ಸಲ ಒನ್ಸ್ ಮೋರ್ ಇಲ್ರಿ. ಸತ್ತಾಂವ ಎದ್ದರ ನಾಟಕ ಕೆಡ್ತದ." ಇಷ್ಟು ವರ್ಷ ಕಾದು ರಾಜನಾದದ್ದು ಸುಮ್ಮನೆ ಸಾಯುವುದಕ್ಕೇ?

ಮಹಾರಾಣಿಯ ಪಾತ್ರ ನಾಕಾದ ಬಾಜೂಕ ಮಿರ್ಚಿ ಭಜಿ ಮಾರುವ ಹೆಂಗಸಾಯಿತು. ಆ ಪಾತ್ರಕ್ಕೆ ಗೊತ್ತುಮಾಡಿದ್ದ ಕಲಾವಿದೆ ಒಲೆ, ಬಾಣಲೆ ನೋಡಿದವರೇ, "ರಾಣಿ ಅಂದು ಕರಸಿ ಒಲಿ ಮುಂದ ಕೂಡಸ್ತೀರೇನ್ರಿ?" ಎಂದು ಚೀಲ ಎತ್ತಿಕೊಂಡು ಹೋದರು. ಚಿಂತೆ ಹೊತ್ತು ನಮ್ಮ ಮನೆಗೆ ಬಂದ ಮೇಘಾ ಅಡುಗೆಮನೆಯಿಂದ ಬರುತ್ತಿದ್ದ ಹಾಡು ಕೇಳಿ ನಿಂತಳು. ನನ್ನ ಹೆಂಡತಿ ಸುಮಿತ್ರಾ ರೊಟ್ಟಿ ಬಡಿಯುತ್ತ ರಾಣಿಯ ಹಾಡನ್ನೇ ಗುನುಗುತ್ತಿದ್ದಳು. ವರ್ಷಗಟ್ಟಲೆ ನಮ್ಮ ನಾಟಕ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು.

"ಕಾಕು, ರಾಣಿ ನೀವ ಆಗ್ರಿ."

"ನನಗ ನಾಟಕಾ ಬರಂಗಿಲ್ಲವಾ. ಮಿರ್ಚಿ ಮಾಡ್ಲಿಕ್ಕೆ ಬರ್ತದ."

"ಅಷ್ಟ ಸಾಕ್ರಿ."

ಹಳೆಯ ಕಲಾವಿದನ ಹಿರಿತನದಿಂದ ನಾನು ಧೈರ್ಯ ಹೇಳಿದೆ: "ಹೆದರಬ್ಯಾಡ. ನಾ ಸತ್ತಿರ್ತೇನಿ, ಆದ್ರೂ ಅಲ್ಲೇ ಇರ್ತೇನಿ."

ನಾಟಕದ ದಿನ ನಾನು ಗೇಟು ಎತ್ತಿದೆ, ಹಾಡಿದೆ, ಸತ್ತೆ. ಕಣ್ಣು ಮುಚ್ಚಿದ್ದರೂ ಕಿವಿ ತೆರೆದೇ ಇದ್ದವು. ಯಾರೋ ಕೆಮ್ಮಿದರು. ಇನ್ನೇನೂ ಕೇಳಿಸಲಿಲ್ಲ. ನಾಕಾ ಕಂಡು ತಬ್ಬಿಬ್ಬಾದ ಜನರಿಗೆ ಕೂಗಬೇಕೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಗಬಹುದು ಎಂದು ಸಮಾಧಾನ ಮಾಡಿಕೊಂಡೆ. ಸುಮಿತ್ರಾ ಒಲೆ ಬಿಟ್ಟು ಬಂದು ನನ್ನ ತಲೆದೆಸೆಯಲ್ಲಿ ಕೂತು ಹಾಡತೊಡಗಿದಳು. ಖರೇ ಹೇಳಬೇಕೆಂದರೆ ನಾನು ಅದನ್ನು ಕೇಳಲೇ ಇಲ್ಲ, ನನ್ನ ಕೂಗಿಗಾಗಿ ಕಾಯುತ್ತಿದ್ದೆ. ಅವಳ ಹಾಡು ಮುಗಿಯುವುದಕ್ಕೂ ಹಿಂದಿನ ಸಾಲಿನಿಂದ "ಒನ್ಸ್ ಮೋರ್!" ಎಂದು ಕೂಗು ಏಳುವುದಕ್ಕೂ ಸರಿಹೋಯಿತು. ನೋಡನೋಡುತ್ತ ಇಡೀ ಸಭಾಗೃಹ ಕೂಗತೊಡಗಿತು. ಏಳಲೋ ಬೇಡವೋ? ಒಂದು ಕಡೆ ಮೇಘಾಳ ಕಟ್ಟಪ್ಪಣೆ, ಇನ್ನೊಂದು ಕಡೆ ಅಜ್ಜಂದಿರ ಕಾಲದ ಪದ್ಧತಿ. ಪದ್ಧತಿಗೆ ಮನ್ನಣೆ ಕೊಟ್ಟು ಎದ್ದೆ. ಜಾಕೀಟು ಸರಿಮಾಡಿಕೊಂಡು, ಸಭೆಗೆ ಕೈಮುಗಿದು, ಹಾರ್ಮೋನಿಯಂ ಪೇಟಿಯವರಿಗೆ ಸನ್ನೆ ಮಾಡಿ, 'ಆನೆ ಕುದುರೆಗಳ' ಎಂದು ದನಿ ಎತ್ತಿದೆ.

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ಬಹಳ ಮರ್ಯಾದೆಯಿಂದ ಹೇಳಿದರು: "ಮಾಸ್ತರ, ನೀವು ಸತ್ತೀರಿ, ಮಲ್ಕೋರಿ. ಅಕ್ಕಾರು ಹಾಡ್ಲಿ."

ಭೂಮಿ ಬಾಯಿಬಿಡಬಾರದೇ ಎನಿಸಿತು. ಸುಮಿತ್ರಾ ನನ್ನ ಭುಜ ಹಿಡಿದು ಮೆಲ್ಲಗೆ ಮಲಗಿಸಿ, "ಲಗೂ ಕಣ್ಣು ಮುಚ್ರಿ, ಮಂದಿ ನೋಡಾಕತ್ತಾರ," ಎಂದು ಪಿಸುಗುಟ್ಟಿ, ಮೊದಲಿನಿಂದ ಹಾಡಿದಳು. ಈ ಸಲ ಹೆಣಕ್ಕೆ ಬೇರೆ ಕೆಲಸವಿರಲಿಲ್ಲ, ಆದ್ದರಿಂದ ಕೇಳಿದೆ. ಆಲಾಪ, ತಾನ ಗೀನ ಏನೂ ಇಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಹೇಗೋ ಹಾಗೆಯೇ ಹಾಡಿದಳು. ಹೋದವನನ್ನು ಹಾಗೆ ಕರೆದರೆ ಯಾವ ರಾಜನಾದರೂ ಎದ್ದು ಬಂದಾನು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು, ಒರೆಸಿಕೊಳ್ಳಲು ಸತ್ತವನಿಗೆ ಅಧಿಕಾರವಿಲ್ಲ. ಟೋಲ್ ನಾಕಾ ಯಾಕೆ, ಹಳದಿ ಜಾಕೀಟು ಯಾಕೆ ಎಂಬುದು ಆಗಲೂ ನನಗೆ ತಿಳಿಯಲಿಲ್ಲ, ಆದರೆ ತಿಳಿಯಬೇಕೆಂದೂ ಅನಿಸಲಿಲ್ಲ. ಹಾಡು ನಿಂತಿತು. ಜನರೆಲ್ಲ ಮೂಕರಾಗಿ ಕೂತಿದ್ದರು. ಆ ಮೌನದಲ್ಲಿ "ಒನ್ಸ್ ಮೋರ್!" ಎಂಬ ಒಂದೇ ಒಂದು ಕೂಗು ಎದ್ದಿತು.

ಅದು ಬಂದದ್ದು ಸಭೆಯ ಕಡೆಯಿಂದಲ್ಲ, ಗೇಟಿನ ಕೆಳಗಿನ ಹೆಣದ ಬಾಯಿಂದ. ಸಭಾಗೃಹ ಬಿದ್ದು ಬಿದ್ದು ನಕ್ಕಿತು, ಮೇಘಾ ಇನ್ನೂ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ. ಅಂತೂ ನಾನು ಮಹಾರಾಜನಾಗಿದ್ದ ಕಾಲದಲ್ಲಿ ಒನ್ಸ್ ಮೋರ್ ಆಯಿತು, ಕೂಗಿದವನು ನಾನೇ.